ಮಾಷ್ಟ್ರು ಲೋಟ ತೊಳೆದ ದಿನಗಳು

ಸೇಸಪ್ಪ ನಾಲ್ಕನೇ ಕ್ಲಾಸಿನಾಚೆ ಓದಿದವನಲ್ಲ. ಅದಕ್ಕೇ ಏನೋ, ಮಾಷ್ಟ್ರುಗಳೆಂದರೆ ಅವನಿಗೆ ವಿಪರೀತ ಗೌರವ. ಕುವೈತಿನ ರಿಗ್ಗೈಯಲ್ಲಿ ಹನ್ನೆರಡು ವರ್ಷ ಹೋಟೆಲು ನಡೆಸಿ, ನಾಲ್ಕು ಭಾಷೆಗಳಲ್ಲಿ ಗಿರಾಕಿಗಳೊಡನೆ ಜಗಳವಾಡಲು ಕಲಿತ ಮೇಲೂ ಅದು ಕಡಿಮೆಯಾಗಲಿಲ್ಲ.

ಅವನ ಹೆಂಡತಿ ಉಮಾವತಿ ಅಮೆರಿಕನ್ ಮಕ್ಕಳ ಶಾಲೆಯೊಂದರಲ್ಲಿ ಆಯಾ. ತೊಂಬತ್ತರ ಏಪ್ರಿಲ್‌ನಲ್ಲಿ ಅಲ್ಲಿನ ರೂಬೆನ್ ಮಾಷ್ಟ್ರು ಇಪ್ಪತ್ತು ಮಕ್ಕಳನ್ನು ಬಸ್ಸು ಹತ್ತಿಸಿಕೊಂಡು ಸೀದಾ ಸೇಸಪ್ಪನ ಹೋಟೆಲಿನ ಅಡುಗೆಮನೆಗೆ ಬಂದರು. ಬೇರೆ ಮಾಷ್ಟ್ರುಗಳು ಮ್ಯೂಸಿಯಂ ತೋರಿಸಿದರೆ ಇವರದು ಹೀಗೆ. ಮೆಕ್ಸಿಕೋದಿಂದ ಟೆಕ್ಸಾಸಿಗೆ ಬಂದು ನೆಲೆಸಿದ ತಮ್ಮ ಜನರ ಬಾಳನ್ನು ಮಕ್ಕಳಿಗೆ ತಿಳಿಸಬೇಕು, ಅದಕ್ಕೆ ಅಜ್ಜಿ ಸುಡುತ್ತಿದ್ದ ಮೆಕ್ಕೆಜೋಳದ ರೊಟ್ಟಿಯೇ ಆಗಬೇಕು, ಅಷ್ಟು ದೊಡ್ಡ ಕಾವಲಿ ಉಮಾವತಿಗೆ ಗೊತ್ತಿದ್ದದ್ದು ಇಲ್ಲಿ ಮಾತ್ರ. ಮಕ್ಕಳು ರೊಟ್ಟಿ ತಟ್ಟಿದರು, ಅರ್ಧ ಹಿಟ್ಟು ನೆಲಕ್ಕೆ ಬಳಿದರು.

"ಸರ್, ನೀವು ಮೆಕ್ಸಿಕನ್ನಾ, ಅಮೆರಿಕನ್ನಾ?" ಎಂದು ಒಬ್ಬ ಹುಡುಗಿ ಕೇಳಿದಳು.

"ಎರಡೂ. ಆದರೆ ಕೇಳುವವರಿಗೆ ಒಂದೇ ಉತ್ತರ ಬೇಕು," ಎಂದು ಮಾಷ್ಟ್ರು ನಕ್ಕರು.

ಪಕ್ಕದಲ್ಲಿ ಕೂರಲು ಅವರು ಎಷ್ಟು ಕರೆದರೂ ಸೇಸಪ್ಪ ಕೂರಲಿಲ್ಲ.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿತು. ಅಮೆರಿಕದವರನ್ನು ಹುಡುಕಿ ಹಿಡಿಯತೊಡಗಿದರು. ಅಡಗಿಸಿಟ್ಟವರಿಗೆ ನೇಣು ಎಂಬ ಸುದ್ದಿ ಹಬ್ಬಿತು. ಒಂದು ಮಧ್ಯಾಹ್ನ ಉಮಾವತಿ ಮಾಷ್ಟ್ರನ್ನು ಹಿಂದಿನ ಬಾಗಿಲಿನಿಂದ ಕರೆತಂದಳು.

"ಮೈಬಣ್ಣ ನಮ್ಮದೇ, ಮೀಸೆಯೂ ಉಂಟು. ಲೋಟ ತೊಳೀಲಿಕ್ಕೆ ಊರಿಂದ ಬಂದವ ಅಂತ ಹೇಳಿದ್ರಾಯ್ತು."

"ಮಾಷ್ಟ್ರ ಕೈಯಲ್ಲಿ ಲೋಟ ತೊಳೆಸುದಾ ಮಾರಾಯ್ತಿ?"

"ಜೀವ ಉಳೀಲಿಕ್ಕೆ ಬೇರೆಂತ ಮಾಡುದು?"

ಮಾಷ್ಟ್ರು ಚೆನ್ನಾಗಿಯೇ ತೊಳೆದರು. ಸೇಸಪ್ಪನಿಗೇ ಕಷ್ಟವಾದದ್ದು. ಸೈನಿಕರು ಚಹಾಕ್ಕೆ ಬಂದಾಗಲೆಲ್ಲ, "ಏಯ್, ಯಲ್ಲಾ, ಬೇಗ ಲೋಟ ತಾ," ಎಂದು ಗದರುವುದು, ಅವರು ಹೋದ ಮೇಲೆ ಒಳಗೆ ಹೋಗಿ ಕೈಮುಗಿಯುವುದು.

ಹತ್ತೊಂಬತ್ತನೇ ದಿನ ಅಧಿಕಾರಿಯೊಬ್ಬ ಬಂದ. ಈರುಳ್ಳಿ ಹೆಚ್ಚುತ್ತಿದ್ದ ಸೇಸಪ್ಪ ಕೂತಲ್ಲಿಂದಲೇ ಸಲಾಂ ಹೇಳಿದ. ಬಂದೂಕು ಹಿಡಿದವರಿಗೆಲ್ಲ ಎದ್ದು ನಿಲ್ಲುವ ಜಾಯಮಾನ ಅವನದಲ್ಲ. ಅಷ್ಟರಲ್ಲಿ ಒಳಗಿನಿಂದ ಮಾಷ್ಟ್ರು ಲೋಟಗಳನ್ನು ತಂದರು. ಸೇಸಪ್ಪ ಥಟ್ಟನೆ ಎದ್ದು, ಮೇಲಕ್ಕೆ ಕಟ್ಟಿದ್ದ ಲುಂಗಿಯನ್ನು ಕೆಳಗಿಳಿಸಿ, ಬದಿಗೆ ಸರಿದು ನಿಂತ.

ಅಧಿಕಾರಿ ಇದನ್ನು ನೋಡಿದ. "ನಾನು ಬಂದಾಗ ನೀನು ಕೂತೇ ಇದ್ದೆ. ಲೋಟ ತೊಳೆಯುವವನಿಗೆ ಏಳುತ್ತೀಯಾ?" ಎಂದು ಅರಬಿಯಲ್ಲಿ ಕೇಳಿದ.

ನಿನ್ನೆಯ ಸಾಂಬಾರನ್ನು ಇವತ್ತಿನದೆಂದು ಆಣೆ ಮಾಡಿ ಬಡಿಸಿದ ಮನುಷ್ಯನ ಬಾಯಿಗೆ ಆಗ ಒಂದೇ ಒಂದು ಸುಳ್ಳು ಬರಲಿಲ್ಲ. ಅಣ್ಣ ಎನ್ನಬಹುದಿತ್ತು, ಹೆಂಡತಿಯ ಕಡೆಯ ಮಾವ ಎನ್ನಬಹುದಿತ್ತು. ಅಧಿಕಾರಿ ಮಾಷ್ಟ್ರ ಇಕಾಮಾ, ಅಂದರೆ ವಾಸದ ಪರವಾನಗಿ ಕೇಳಿದ. ಮಾಷ್ಟ್ರು ಲೋಟಗಳನ್ನು ಕೆಳಗಿಟ್ಟರು. ತಾನು ಅಮೆರಿಕನ್, ಭಾರತದವನೆಂದು ಸುಳ್ಳು ಹೇಳಿ ಕೆಲಸಕ್ಕೆ ಸೇರಿದ್ದು, ಇವನಿಗೇನೂ ಗೊತ್ತಿಲ್ಲ ಎಂದು ಹರಕುಮುರುಕು ಅರಬಿಯಲ್ಲಿ ಹೇಳಿದರು.

"ಹೌದಾ?" ಎಂದು ಅಧಿಕಾರಿ ಸೇಸಪ್ಪನತ್ತ ತಿರುಗಿದ.

ಒಳಗೆ ಉಮಾವತಿ ಇದ್ದಳು. ಸೇಸಪ್ಪ ತಲೆಯಾಡಿಸಿದ. ಮಾಷ್ಟ್ರನ್ನು ಜೀಪಿಗೆ ಹತ್ತಿಸಿಕೊಂಡು ಹೋದರು.

ಮರುದಿನ ಅದೇ ಹೊತ್ತಿಗೆ ಅದೇ ಅಧಿಕಾರಿ ಬಂದು ಚಹಾ ಕೇಳಿದ. ಮಾಷ್ಟ್ರನ್ನು ಎಲ್ಲಿಗೆ ಕರೆದುಕೊಂಡು ಹೋದಿರಿ ಎಂದು ಕೇಳಲು ಸೇಸಪ್ಪ ಬೆಳಗ್ಗೆಯಿಂದ ಅರಬಿ ಮಾತು ಜೋಡಿಸಿಟ್ಟುಕೊಂಡಿದ್ದ. ಹತ್ತಿರ ಹೋಗಿ, ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದ.