ಬೆರಳಿಟ್ಟು ಆಡಿದ ಮಾತು

ಬಸ್ ನಿಲ್ದಾಣದಲ್ಲಿ ಅವಳ ಮುಖ ಕಂಡವರು ಕಡಿಮೆ, ದನಿ ಕೇಳದವರು ಯಾರೂ ಇರಲಿಲ್ಲ. ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಅಂತ ಮೈಕಿನಲ್ಲಿ ಹೇಳುವುದು ಅವಳ ಕೆಲಸ. ತಡವಾಗಿ ಬಂದ ಡ್ರೈವರುಗಳಿಗೆ ಅದೇ ಮೈಕಿನಲ್ಲಿ ಮಂಗಳಾರತಿಯೂ ಆಗುತ್ತಿತ್ತು.

ಆ ದನಿ ಒಡೆಯಿತು. ಧೂಳಿರಬೇಕು ಅಂದರು ಎಲ್ಲರೂ. ಅವಳು ಅವರ ಮಾತು ಕೇಳದೆ ಊರಿನ ಆಸ್ಪತ್ರೆಗೆ ಹೋದಳು. ಅವರು ಪರೀಕ್ಷೆಗೆ ರಾಜಧಾನಿಗೆ ಕಳಿಸಿದರು. ಅಲ್ಲಿ ಗಂಟಲಿನಲ್ಲಿದ್ದ ಗಂಟಿನಿಂದ ಒಂದು ಚೂರು ತೆಗೆದು, ವರದಿ ನಿಮ್ಮೂರಿಗೇ ಬರುತ್ತೆ ಅಂದರು. ಇಲ್ಲಿ ಕೇಳಿದರೆ ಬಂದಿಲ್ಲ, ಅಲ್ಲಿ ಕೇಳಿದರೆ ಕಳಿಸಾಯ್ತು. ಅಲೆದು ಅಲೆದು ಚಪ್ಪಲಿ ಸವೆಯಿತು. ಕೊನೆಗೆ ವರದಿ ಸಿಕ್ಕಿ ಕ್ಯಾನ್ಸರ್ ಅಂತ ತಿಳಿಯುವಷ್ಟರಲ್ಲಿ ಗಂಟು ಬೆಳೆದಿತ್ತು.

ಆಪರೇಷನ್ ಮಾಡಿದ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. "ಬೇಗ ಬಂದಿದ್ರೆ ಬರೀ ರೇಡಿಯೇಷನ್ನಲ್ಲೇ ಮುಗೀತಿತ್ತಮ್ಮ. ಧ್ವನಿಪೆಟ್ಟಿಗೆ ಉಳೀತಿತ್ತು."

ಬೇಗನೇ ಬಂದಿದ್ದೆ ಅನ್ನಲು ಅವಳು ಬಾಯಿ ತೆರೆದಳು. ಸದ್ದು ಹೊರಡಲಿಲ್ಲ.

ಕತ್ತಿನಲ್ಲಿ ಉಸಿರಾಟಕ್ಕೆ ಒಂದು ರಂಧ್ರ ಉಳಿಯಿತು. ಒಳಗೊಂದು ಪುಟ್ಟ ಕವಾಟ ಕೂರಿಸಿದರು. ಬೆರಳಿನಿಂದ ರಂಧ್ರ ಮುಚ್ಚಿದರೆ ಮಾತು ಬರುತ್ತಿತ್ತು, ಒರಟಾಗಿ, ತಡೆತಡೆದು. ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಪಾಪ, ಸ್ಲೇಟು ತಂದುಕೊಟ್ಟ. "ಯಾಕೆ ಕಷ್ಟಪಡ್ತೀಯ, ಬರೆದು ತೋರಿಸು ಸಾಕು." ಅವಳು ಸ್ಲೇಟನ್ನು ಮಂಚದಡಿ ತಳ್ಳಿದಳು.

"ಅತ್ತಿಗೆ, ನೀವು ಫೋನ್ ಎತ್ತಿದ್ರೆ ಮಕ್ಕಳು ಹೆದರ್ತಾರೆ," ಅಂದಳು ನಾದಿನಿ ಹಿಂಜರಿಯುತ್ತ.

"ನಿಮ್ಮಣ್ಣನ ಗೊರಕೆಗೆ ಹೆದರದ ಮಕ್ಕಳು ಇದಕ್ಕೆ ಹೆದರ್ತಾವಾ?" ಅಂದಳು ಇವಳು, ಬೆರಳಿಟ್ಟುಕೊಂಡು.

ಅದೇ ಕಾಲಕ್ಕೆ ಸರ್ಕಾರ ದೇಶದ ಕ್ಯಾನ್ಸರ್ ಚಿಕಿತ್ಸೆಯ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಲು ಸಮಿತಿ ಮಾಡಿತು. ರೋಗಿಗಳ ಪರವಾಗಿ ಒಬ್ಬರು ಬೇಕಿತ್ತು. ಆಪರೇಷನ್ ಮಾಡಿದ ಡಾಕ್ಟರು ಇವಳ ಹೆಸರು ಹೇಳಿದರು.

ಸಮಿತಿಯ ಮೊದಲ ಸಭೆ ರಾಜಧಾನಿಯಲ್ಲಿ. ಉದ್ದನೆಯ ಮೇಜು, ಚಳಿ ಹುಟ್ಟಿಸುವ ಏಸಿ, ಪರದೆಯ ಮೇಲೆ ದೇಶದ ನಕ್ಷೆ, ನಡುವೆ ಒಂದೇ ಒಂದು ಕೆಂಪು ಚುಕ್ಕೆ. ಪರೀಕ್ಷೆ, ಚಿಕಿತ್ಸೆ ಎಲ್ಲ ರಾಜಧಾನಿಯ ದೊಡ್ಡಾಸ್ಪತ್ರೆಯಲ್ಲೇ ಆಗಲಿ ಎಂದು ಅಧ್ಯಕ್ಷರು ವಿವರಿಸಿದರು. ಎಲ್ಲರೂ ತಲೆದೂಗಿದರು. ಇವಳು ಕೈ ಎತ್ತಿದಳು.

"ನಿಮಗೆ ತೊಂದರೆ ಬೇಡ, ಬರೆದು ಕೊಡಿ. ನಮ್ಮವರು ಓದ್ತಾರೆ," ಅಂದರು ಅಧ್ಯಕ್ಷರು, ಮೆತ್ತಗೆ.

"ಇಲ್ಲ. ಮಾತಾಡ್ತೀನಿ."

ಮಾತು ನಿಧಾನ. ಅಧ್ಯಕ್ಷರು ಗಡಿಯಾರ ನೋಡಿದರು. ಅವಳು ಬೆರಳು ತೆಗೆದು ಸುಮ್ಮನೆ ಕೂತಳು. ಅವರು ತಲೆ ಎತ್ತುವವರೆಗೂ ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಬಿಟ್ಟಲ್ಲಿಂದ ಶುರು ಮಾಡಿದಳು.

"ರೇಡಿಯೇಷನ್ ಮೆಷಿನ್ ಇಲ್ಲೇ ಇರ್ಲಿ. ಗಂಟು ಯಾವುದು ಅಂತ ತಿಳ್ಕೊಳ್ಳೋಕೂ ಇಲ್ಲಿಗೇ ಬರ್ಬೇಕಾ? ಪರೀಕ್ಷೆ ಜಿಲ್ಲೆಯಲ್ಲೇ ಆಗ್ಲಿ. ರೋಗಿ ಎಲ್ಲಿದ್ದಾರೆ, ಮುಂದೇನು ಅಂತ ಕೊನೇವರೆಗೂ ನೋಡ್ಕೊಳ್ಳೋಕೆ ಒಬ್ಬ ನರ್ಸು ಇರ್ಲಿ. ನನ್ನನ್ನ ಯಾರೂ ಬೇಕೂಂತ ಹಾಳು ಮಾಡ್ಲಿಲ್ಲ ಸಾರ್. ನಾನು ಯಾರ ಕೈಲೂ ಇರ್ಲಿಲ್ಲ, ಅಷ್ಟೇ."

"ಚೂರು ನೋಡಿ ರೋಗ ಹೇಳೋ ಡಾಕ್ಟರುಗಳು ಜಿಲ್ಲೆಗೆ ಬರೋಲ್ಲಮ್ಮ. ನಾನೇ ಎಷ್ಟು ಸಲ ಕಳಿಸಿ ಸೋತಿದ್ದೀನಿ." ಅಧ್ಯಕ್ಷರ ಮಾತಿನಲ್ಲಿ ಸುಳ್ಳಿರಲಿಲ್ಲ.

"ಸೋತಿದ್ದು ನೀವು. ಗಂಟಲು ಹೋಗಿದ್ದು ನಂದು."

ಅವತ್ತು ಯೋಜನೆ ಹಾಗೇ ಪಾಸಾಯಿತು. ಒಪ್ಪಿದವರ ಸಾಲಿನಲ್ಲಿ ಅವಳಿರಲಿಲ್ಲ.

ಮುಂದಿನ ಸಭೆಗೂ ಹೋದಳು, ಅದರ ಮುಂದಿನದಕ್ಕೂ. ಅದೇ ಮಾತು, ಅದೇ ನಿಧಾನ. ಕೊನೆಗೆ ಡಾಕ್ಟರೊಬ್ಬರು ದಾರಿ ತೋರಿಸಿದರು: ಚೂರನ್ನು ಜಿಲ್ಲೆಯಲ್ಲೇ ಸಿದ್ಧಪಡಿಸಿ, ಅದರ ಚಿತ್ರವನ್ನು ಕಂಪ್ಯೂಟರಿನಲ್ಲಿ ರಾಜಧಾನಿಗೆ ಕಳಿಸಿದರೆ ಇಲ್ಲಿಂದಲೇ ನೋಡಿ ಹೇಳಬಹುದು.

"ಸರಿ, ನಿಮ್ಮೂರಲ್ಲೇ ಶುರು ಮಾಡೋಣ. ಸಂತೋಷ ತಾನೇ?" ಅಂದರು ಅಧ್ಯಕ್ಷರು.

"ನಮ್ಮೂರಿಗೆ ಅಂತ ಕೇಳಿದ್ನಾ ನಾನು?"

ಊರಿನ ಆಸ್ಪತ್ರೆಗೆ ಚಿತ್ರ ಕಳಿಸುವ ಯಂತ್ರ ಬಂತು, ನರ್ಸೂ ಬಂದಳು. ವರದಿ ವಾರದೊಳಗೆ ಕೈಸೇರತೊಡಗಿತು. ಪಕ್ಕದ ಜಿಲ್ಲೆಗಳದ್ದು ಮಾತ್ರ ಹಳೆಯ ಪಾಡೇ. ಇಷ್ಟರಲ್ಲಿ ಸಮಿತಿಯಲ್ಲಿ ಅವಳ ಅವಧಿ ಮುಗಿಯಿತು. ಇನ್ನು ಬರುವ ತೊಂದರೆ ಬೇಡ ಎಂದು ಕಚೇರಿಯಿಂದ ಫೋನು ಬಂತು.

"ಬೇರೆಯವರನ್ನ ತಗೊಳ್ಳಿ, ಒಳ್ಳೇದೇ," ಅಂದಳು. "ನಾನು ಬಾಗಿಲ ಹೊರಗೆ ಬೆಂಚಲ್ಲಿ ಕೂತಿರ್ತೀನಿ. ಒಳಗೆ ಹೋಗೋರೆಲ್ಲ ನನ್ನನ್ನ ದಾಟ್ಕೊಂಡೇ ಹೋಗ್ಬೇಕು."

ಮುಂದಿನ ಸಭೆಯ ದಿನ ಬೆಳಿಗ್ಗೆ ಅವಳು ಹೇಳದೆಯೇ ಗಂಡ ಅವಳ ಬ್ಯಾಗು ಎತ್ತಿಕೊಂಡು ಬಸ್ಸಿನವರೆಗೂ ಬಂದ.