ಗೈರ್ ಮುಲ್ಕಿ ಅಕ್ಕೋರ ಕರಾರು

ಗದುಗಿನಲ್ಲಿ ರೈಲು ಹತ್ತಿ ಕೊಪ್ಪಳದಲ್ಲಿ ಇಳಿಯುವವರೆಗೆ ನಾನು ಪರದೇಶಕ್ಕೆ ಹೊರಟಿದ್ದೇನೆ ಎಂದು ಅನ್ನಿಸಿಯೇ ಇರಲಿಲ್ಲ. ಅದೇ ಎರೆಹೊಲ, ಅದೇ ಜೋಳದ ರೊಟ್ಟಿ, ಅದೇ ಮಾತು. ಆದರೆ ಸ್ಟೇಶನ್ನಿನಲ್ಲಿ ನಿಜಾಮರ ಸುಂಕದ ಜವಾನರು ನನ್ನ ಟ್ರಂಕು ತೆಗೆಸಿ, ಸೀರೆಗಳ ನಡುವೆ ಕೈಯಾಡಿಸಿ, 'ಗೈರ್ ಮುಲ್ಕಿ' ಎಂದು ತಮ್ಮೊಳಗೇ ಹೇಳಿಕೊಂಡರು. ಹೊರನಾಡಿನವಳು ಎಂದರ್ಥ. ಮೂವತ್ತರ ದಶಕದ ಕೊನೆಯಲ್ಲಿ ಬ್ರಿಟಿಷರ ಸೀಮೆಯಿಂದ ನೌಕರಿಗೆ ಬಂದ ನಮಗೆಲ್ಲ ಅದೇ ಹೆಸರು.

ನಾನು ಹೋದದ್ದು ಕುಷ್ಟಗಿಗೆ. ಅಲ್ಲಿ ಹತ್ತಿ ವ್ಯಾಪಾರದ ಸಾವುಕಾರರೊಬ್ಬರು ಹುಡುಗಿಯರಿಗಾಗಿ ಸಾಲೆ ತೆಗೆದಿದ್ದರು. ಟ್ರೇನಿಂಗ್ ಆದ ಹೆಂಗಸು ಆ ಸೀಮೆಯಲ್ಲಿ ಸಿಗದೆ ನನ್ನನ್ನು ಧಾರವಾಡದಿಂದ ಕರೆಸಿಕೊಂಡಿದ್ದರು. ಬಂದ ದಿನವೇ ಉರ್ದುವಿನ ಕರಾರುಪತ್ರ ಮುಂದಿಟ್ಟು, ತಾವೇ ಕನ್ನಡದಲ್ಲಿ ಅರ್ಥ ಹೇಳಿದರು. ನಾನು ರುಜು ಹಾಕಿದೆ. ಒಂದು ಪ್ರತಿ ನನಗೆ ಕೊಟ್ಟರು. ನನ್ನ ಟ್ರೇನಿಂಗ್ ಸರ್ಟಿಫಿಕೇಟು ಮಾತ್ರ ಜೋಪಾನಕ್ಕೆಂದು ಅವರ ಹತ್ತಿ ಅಂಗಡಿಯ ತಿಜೋರಿ ಸೇರಿತು.

ಮೊದಲ ವರ್ಷ ತಂಗಿಯ ಮದುವೆ ಬಂತು. ರಜೆ ಕೇಳಿದರೆ, ಕರಾರಿನಲ್ಲಿ ರಜೆಯೇ ಇಲ್ಲ, ಸಾಲೆ ಬಿಟ್ಟು ಹೋದರೆ ದಂಡ ಕಟ್ಟಬೇಕು, ಸರ್ಟಿಫಿಕೇಟೂ ಸಿಗುವುದಿಲ್ಲ ಎಂದರು. ತಾಯಿಯಿಲ್ಲದ ತಂಗಿಯನ್ನು ಧಾರೆಯೆರೆಯುವ ಹೊತ್ತಿಗೆ ನಾನು ಹುಡುಗಿಯರಿಗೆ ಮಗ್ಗಿ ಹೇಳಿಸುತ್ತಿದ್ದೆ.

ಪಕ್ಕದ ಮನೆಯಲ್ಲಿ ತಹಶೀಲಿಯ ಗುಮಾಸ್ತರೊಬ್ಬರ ಹೆಂಡತಿ ಇದ್ದರು. ಹೈದರಾಬಾದಿನ ಕಡೆಯವರು, ಪರದೆಯಲ್ಲಿದ್ದವರು. ನನ್ನ ಹತ್ತಿರ ಕನ್ನಡ ಕಲಿತು, ಕಾಯಿಪಲ್ಯದವಳ ಜೊತೆ ಚೌಕಾಸಿ ಮಾಡುವಷ್ಟು ಜೋರಾಗಿದ್ದರು. ಅವರಿಗೆ ಕರಾರು ತೋರಿಸಿದೆ. ಓದುತ್ತ ಓದುತ್ತ ಅವರ ಹುಬ್ಬು ಮೇಲೇರಿತು. ಸಾವುಕಾರರು ಹೇಳಿದ್ದಕ್ಕೂ ಅದರಲ್ಲಿ ಬರೆದದ್ದಕ್ಕೂ ತಾಳೆಯೇ ಇರಲಿಲ್ಲ. ಹಾಗಾದರೆ ನಿಮ್ಮ ಹೆಸರು ಹೇಳಿ ಸಾವುಕಾರರನ್ನು ಈಗಲೇ ಕೇಳುತ್ತೇನೆ ಎಂದು ಎದ್ದೆ. ಅವರು ನನ್ನ ಸೆರಗು ಹಿಡಿದು ಕೂರಿಸಿದರು.

"ನಾ ಓದಿದ್ರ ಪರದೆಯೊಳಗಿನ ಹೆಂಗಸಿನ ಮಾತು ಅಂತಾರ. ನೀವs ಓದ್ರಿ ಅಕ್ಕೋರ. ಅವರ ಎದುರಿಗೇ ಓದ್ರಿ."

ಉರ್ದುವಿನ ಅಲಿಫ್ ಬೇ ಅಲ್ಲಿಂದ ಶುರುವಾಯಿತು. ಅಚ್ಚಿನ ಅಕ್ಷರ ಬೇಗ ಬಂತು, ಮಾತೂ ಅಷ್ಟಿಷ್ಟು ಬಂತು. ಕರಾರು ಬರೆದಿದ್ದ ಕಚೇರಿಯ ಕೈಬರಹ ಬರಲು ವರ್ಷವೇ ಹಿಡಿಯಿತು. ಒಂದಕ್ಕೊಂದು ತೊಡರಿ ಓಡುವ, ಚುಕ್ಕೆಗಳನ್ನೇ ನುಂಗಿಬಿಡುವ ಬರಹ ಅದು. ಬೇಸತ್ತು ನಾನು ಹಲಗೆ ಸರಿಸಿದಾಗಲೆಲ್ಲ, ನಿಮ್ಮ ಕಡೆಯ ಮರಾಠಿ ದಫ್ತರಗಳ ಮೋಡಿ ಅಕ್ಷರಕ್ಕಿಂತ ಇದು ಸಾವಿರ ಪಾಲು ಛಲೋ ಎಂದು ಅವರು ನಗುತ್ತಿದ್ದರು.

ಮರುವರ್ಷ ತಂಗಿ ಬಸುರಿಯೆಂದು ಸುದ್ದಿ ಬಂತು. ಚೊಚ್ಚಲ ಬಾಣಂತನಕ್ಕೆ ನನ್ನ ಬಿಟ್ಟರೆ ಯಾರೂ ಇರಲಿಲ್ಲ. ಅದೇ ಹೊತ್ತಿಗೆ ಸಾಲೆಗಳ ತಪಾಸಣೆಯ ಸಾಹೇಬರು ರಾಯಚೂರಿನಿಂದ ಬಂದರು. ಹುಡುಗಿಯರ ಪಾಠ ಕೇಳಿ ಸಂತೋಷಪಟ್ಟು, ಉಪಾಧ್ಯಾಯಿನಿಗೆ ಏನಾದರೂ ತೊಂದರೆಯುಂಟೇ ಎಂದು ಉರ್ದುವಿನಲ್ಲಿ ವಿಚಾರಿಸಿದರು. ನನಗೆ ತಿಳಿಯಲಿಲ್ಲವೆಂದುಕೊಂಡು ಸಾವುಕಾರರೇ ಏನೂ ಇಲ್ಲವೆಂದು ಉತ್ತರ ಕೊಟ್ಟರು. ನಾನು ಎದ್ದು ನಿಂತು, ಅಪ್ಪಣೆಯಾದರೆ ಒಂದು ಕಾಗದ ಓದುತ್ತೇನೆ ಎಂದು ಉರ್ದುವಿನಲ್ಲೇ ಹೇಳಿದೆ. ಸಾವುಕಾರರು ಕುರ್ಚಿಯಲ್ಲೇ ನನ್ನ ಕಡೆ ಪೂರ್ತಿ ತಿರುಗಿದರು.

ಕರಾರು ಬಿಚ್ಚಿ ಮೊದಲ ಸಾಲಿನಿಂದ ಓದತೊಡಗಿದೆ. ಒಂದು ಕಡೆ ಉಚ್ಚಾರ ತಪ್ಪಿದಾಗ ಸಾಹೇಬರು ತಿದ್ದಿ, ಮುಂದೆ ಓದಿ ಎಂದರು. ವರ್ಷಕ್ಕೊಂದು ತಿಂಗಳು ಸಂಬಳಸಹಿತ ರಜೆ. ಮುನ್ಸೂಚನೆ ಕೊಡದೆ ಕರಾರು ಮುರಿದವರಿಗೆ ದಂಡ. ನಾನು ಮುರಿದರೆ ನನಗೆ, ಸಾಲೆಯವರು ಮುರಿದರೆ ಅವರಿಗೂ ಅಷ್ಟೇ. ಸರ್ಟಿಫಿಕೇಟು ಇಟ್ಟುಕೊಳ್ಳುವ ಮಾತು ಎಲ್ಲೂ ಇರಲಿಲ್ಲ.

ಸಾವುಕಾರರು ತಡವರಿಸಿ, ಉರ್ದು ಬಿಟ್ಟು ಕನ್ನಡಕ್ಕೆ ಬಂದರು. "ಗೈರ್ ಮುಲ್ಕಿ ಅದಾರ್ರಿ ಸಾಹೇಬ್ರ. ಗಡಿ ದಾಟಿ ಹೋದ್ರ ತಿರುಗಿ ಕರೆಯೋರು ಯಾರು?"

ಸಾಹೇಬರು ನನ್ನ ಕಡೆ ನೋಡಿದರು. ನಾನು ಸಾವುಕಾರರಿಗೇ ಹೇಳಿದೆ, "ನನ್ನ ಸರ್ಟಿಫಿಕೇಟು ನಿಮ್ಮ ತಿಜೋರ್ಯಾಗ ಐತಿ ಅಂತ ನಾ ಇಲ್ಲಿ ಇಲ್ರಿ. ಈ ಹುಡುಗ್ಯಾರು ಓದಾಕ ಹತ್ಯಾರ, ಅದಕ್ಕ ಅದೀನಿ."

ತಪಾಸಣೆ ನೋಡಲು ಬಂದು ಬಾಗಿಲಾಚೆ ನಿಂತಿದ್ದ ಹುಡುಗಿಯರ ತಾಯಂದಿರಲ್ಲಿ ಯಾರೋ ಖರೆ ಐತಿ ಎಂದರು. ಸಾಹೇಬರು ಸರ್ಟಿಫಿಕೇಟು ತರಿಸಲು ಹೇಳಿ, ಅದು ಬರುವವರೆಗೂ ಕುರ್ಚಿ ಬಿಟ್ಟೇಳಲಿಲ್ಲ. ಅಂಗಡಿಯಿಂದ ಬಂದ ಹಾಳೆಗೆ ಅರಳೆಯ ಎಳೆ ಹತ್ತಿತ್ತು. ಎಲ್ಲರೆದುರಿಗೇ ಅದನ್ನು ಕೊಡವಿ ಎದೆಗೊತ್ತಿಕೊಂಡೆ. ಆ ದಿನ ಸಾಲೆಯಿಂದ ಮನೆಯವರೆಗೆ ನಡೆದ ನಡಿಗೆಯಂಥ ನಡಿಗೆಯನ್ನು ನಾನು ಆಮೇಲೆ ಎಂದೂ ನಡೆದಿಲ್ಲ.

ರಜೆಯ ಮೇಲೆ ಹೋದೆ, ತಂಗಿಯ ಮಗಳಿಗೆ ಎರೆದು ತೊಟ್ಟಿಲಿಗೆ ಹಾಕಿದೆ, ಹೇಳಿದ ದಿನಕ್ಕೆ ತಿರುಗಿ ಬಂದೆ. ಹೊಸ ಕರಾರನ್ನು ಉರ್ದು, ಕನ್ನಡ ಎರಡರಲ್ಲೂ ಬರೆಸಿದೆ. ಸಾವುಕಾರರು ಮೊದಲು ಗೊಣಗಿದರು. ಕೊನೆಗೆ, ತಮ್ಮ ಕಿರಿಮಗಳಿಗೂ ಆ ಉರ್ದು ಕಲಿಸಲು ಸಾಧ್ಯವೇ ಎಂದು ನನ್ನನ್ನೇ ಕೇಳಿದರು. ಕಲಿಸಿದೆ.

ಸುದ್ದಿ ಯಲಬುರ್ಗಿ, ಗಂಗಾವತಿಗಳಿಗೂ ಮುಟ್ಟಿತು. ಗಡಿಯಾಚೆಯಿಂದ ಬಂದ ಮಾಸ್ತರರು ರಜೆಯ ದಿನ ತಮ್ಮ ತಮ್ಮ ಕರಾರು ಹಿಡಿದು ನಮ್ಮ ಕಟ್ಟೆಗೆ ಬರತೊಡಗಿದರು. ಓದಿ ಹೇಳ್ರಿ ಎಂದರೆ ನಾನು ಒಪ್ಪಲಿಲ್ಲ. ಕೂತು ಕಲಿಯಿರಿ ಎಂದೆ. ರುಮಾಲು ಸುತ್ತಿದ ಆ ಗಂಡಸರೆಲ್ಲ ಹಲಗೆ ಹಿಡಿದು ಗಟ್ಟಿಯಾಗಿ ಅಲಿಫ್ ಬೇ ಹೇಳುತ್ತಿದ್ದರೆ, ಪಕ್ಕದ ಮನೆಯ ಪರದೆಯ ಹಿಂದಿನಿಂದ ಗುಮಾಸ್ತರ ಹೆಂಡತಿ ಅಚ್ಚಗನ್ನಡದಲ್ಲಿ ತಪ್ಪು ತಿದ್ದುತ್ತಿದ್ದರು.