ಲಕೋಟೆಯ ಮೇಲಿನ ಬೊಟ್ಟು

ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಫೋನು ಬಂತು. ಯಜಮಾನರು. ಬೆಳಿಗ್ಗೆಯೇ ಸ್ನೇಹಿತರೊಬ್ಬರ ಜೊತೆ ರೈಫಲ್ ಹಿಡಿದು ಗುರಿ ಹೊಡೆಯುವ ರೇಂಜಿಗೆ ಹೋಗಿದ್ದರು.

"ಗಾಬರಿ ಆಗ್ಬೇಡ, ನಂಗೇನೂ ಆಗಿಲ್ಲ," ಅಂದರು. ಹೀಗೆ ಶುರು ಮಾಡಿದರೆ ಯಾರಿಗೆ ಗಾಬರಿಯಾಗುವುದಿಲ್ಲ? "ಗುಂಡು ಬ್ಯಾರೆಲಲ್ಲಿ ಸಿಕ್ಕಾಕ್ಕೊಂಡಿದೆ. ಆಯುಧಪೂಜೆ ದಿನ ನನ್ನ ತೋಟಾ ಮಾಡೋ ಪ್ರೆಸ್ಸಿಗೆ ಕುಂಕುಮ ಇಟ್ಯಲ್ಲ, ಆಗ ಮೇಲಿನ ತಿರುಪೇನಾದ್ರೂ ತಿರುಗಿಸಿದ್ಯಾ?"

ಹಿಂದಿನಿಂದ ಸ್ನೇಹಿತರ ದನಿ: "ಅತ್ತಿಗೆ, ಕುಂಕುಮ ಸ್ವಲ್ಪ ಜಾಸ್ತಿ ಆಯ್ತು!"

ಮೈಯೆಲ್ಲ ಉರಿಯಿತು. ನಾನು ಬೊಟ್ಟಿಟ್ಟದ್ದು ಪ್ರೆಸ್ಸಿನ ಹಿಡಿಗೆ. ತಿರುಪಿನ ಹತ್ತಿರ ಬೆರಳೂ ಹೋಗಿಲ್ಲ.

ನಮ್ಮ ಪ್ಲೆಸೆಂಟನ್ ಮನೆಯ ಗರಾಜಿನ ಅರ್ಧ ಅವರ ಮೇಜಿಗೇ ಸೇರಿದ್ದು. ಹಿತ್ತಾಳೆ ಕೇಸಿಗೆ ಮದ್ದು ತುಂಬಿ, ಬಾಯಿಗೆ ಗುಂಡನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿ ತೋಟಾ ಮಾಡುತ್ತಾರೆ. ಎಷ್ಟು ಆಳಕ್ಕೆ ಕೂರಿಸಬೇಕು ಅನ್ನುವುದೇ ಅವರ ತಪಸ್ಸು; ಆ ಆಳ ಹೊಂದಿಸುವುದು ಪ್ರೆಸ್ಸಿನ ಮೇಲಿನ ತಿರುಪು. ಗುಂಡು ಹೆಚ್ಚು ಹೊರಗೆ ಚಾಚಿದ್ದರೆ ಬ್ಯಾರೆಲಿನ ಒಳಗೀರುಗಳಿಗೆ ಕಚ್ಚಿಕೊಳ್ಳುತ್ತದೆ. ಹಾಗೇ ಹಾರಿಸಿದರೆ ಒತ್ತಡ ಮಿತಿಮೀರಿ ರೈಫಲ್ಲೇ ಕೆನ್ನೆಯ ಪಕ್ಕದಲ್ಲಿ ಸಿಡಿಯಬಹುದು. ಇದನ್ನೆಲ್ಲ ನನಗೆ ಹೇಳಿದವರೂ ಅವರೇ.

ಸೊಪ್ಪು ಬಿಟ್ಟು ಗರಾಜಿಗೆ ಹೋದೆ. ಹಬ್ಬಕ್ಕೆ ಮುಂಚೆ ಹೊಸ ಬ್ಯಾರೆಲು ಬಂದಿತ್ತು; ತೋಟಾ ಕೂರುವ ಗೂಡು, ಅಂದರೆ ಚೇಂಬರು, ಇವರಿಗೆಂದೇ ಕೊರೆಸಿದ್ದು. ಜೊತೆಗೊಂದು ಲಕೋಟೆ. ಆಯುಧದ ಕಾಗದವೂ ಆಯುಧವೇ ಅಂತ ಅದನ್ನೂ ಪೂಜೆಗಿಟ್ಟು, ಅಂಟಿಸಿದ ಅಂಚಿನ ಮೇಲೇ ಒಂದು ಬೊಟ್ಟಿಟ್ಟಿದ್ದೆ. ಆಮೇಲೆ ಅವರ ಕಣ್ಣಿಗೆ ಬೀಳಲಿ ಅಂತ ಪ್ರೆಸ್ಸಿಗೇ ಒರಗಿಸಿದ್ದೆ. ಈಗಲೂ ಅಲ್ಲೇ ಇತ್ತು. ಬೊಟ್ಟು ದುಂಡಗೆ, ಒಡೆಯದೆ.

ಇಬ್ಬರೂ ಬಂದಾಗ ಲಕೋಟೆಯನ್ನು ಯಜಮಾನರ ಮುಂದೆ ಊಟದ ಮೇಜಿನ ಮೇಲಿಟ್ಟೆ.

"ಇದನ್ನ ತೆಗೆದಿದ್ರಾ?"

"ಬಿಲ್ಲು ಅಂದ್ಕೊಂಡೆ ಕಣೇ."

"ತೆಗೀರಿ ಈಗ."

ಬೊಟ್ಟು ಎರಡಾಯಿತು. ಒಳಗೆ ಕೊರೆದವನ ಕೈಬರಹ: ಈ ಚೇಂಬರಿನ ಗಂಟಲು, ಅಂದರೆ ಗೀರುಗಳಿಗೆ ಮುಂಚಿನ ಜಾಗ, ಹಳೆಯದಕ್ಕಿಂತ ಗಿಡ್ಡ, ಗುಂಡನ್ನು ಇನ್ನೂ ಆಳಕ್ಕೆ ಕೂರಿಸಿ, ಹಳೆಯ ಅಳತೆ ಬಳಸಬೇಡಿ. ಯಜಮಾನರು ಹಳೆಯ ನೋಟುಬುಕ್ಕಿನ ಅಳತೆಗೇ ಐವತ್ತು ತೋಟಾ ಮಾಡಿಕೊಂಡು ಹೋಗಿದ್ದರು.

ಸ್ನೇಹಿತರು ನೆಲ ನೋಡುತ್ತಾ, "ತೋಟಾ ಒಳಗೆ ತಳ್ಳೋ ಬೋಲ್ಟು ಬಿಗಿ ಬಂತು ಅತ್ತಿಗೆ. ನಾನೇ ಒತ್ತು ಅಂದೆ. ಇವನು ಬೇಡ ಅಂತ ವಾಪಸ್ ಎಳೆದ. ಕೇಸು ಬಂತು, ಗುಂಡು ಅಲ್ಲೇ ಉಳೀತು," ಅಂದರು.

ಒತ್ತು ಅಂದರಂತೆ! ಅದನ್ನು ಒತ್ತಿ ಹಾರಿಸಿದ್ದರೆ ಈ ಮನುಷ್ಯರ ಕಣ್ಣು ಎಲ್ಲಿರುತ್ತಿತ್ತು? ಆಗಲೂ ಕುಂಕುಮದ ಮೇಲೇ ಹಾಕುತ್ತಿದ್ದರೇನೋ. ಓದು ಅಂತ ಮುಂದಿಟ್ಟದ್ದನ್ನು ಓದದವರು ದೇವರ ಕೆಲಸದಲ್ಲಿ ತಪ್ಪು ಹುಡುಕಿದರಲ್ಲ, ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

"ತಪ್ಪಾಯ್ತು ಮಾರಾಯ್ತಿ," ಅಂದರು ಯಜಮಾನರು.

"ನನಗಲ್ಲ, ಅಲ್ಲಿ ಹೇಳಿ," ಎಂದು ದೇವರ ಗೂಡು ತೋರಿಸಿದೆ. ಶೂ ಬಿಚ್ಚಿ, ಕೈ ತೊಳೆದು, ಇಬ್ಬರೂ ಹೋಗಿ ನಿಂತರು. ಆ ಕೈ ಒತ್ತದೆ ನಿಂತಿತಲ್ಲ ತಾಯಿ, ಅಷ್ಟು ಸಾಕು ಅಂತ ನಾನೂ ಹಿಂದಿನಿಂದ ಕೈಮುಗಿದೆ.

ಉಳಿದ ತೋಟಾಗಳನ್ನು ಒಂದೊಂದಾಗಿ ಬಿಚ್ಚಲು ಇಬ್ಬರೂ ಗರಾಜು ಸೇರಿದರು. ಸೊಪ್ಪು ಬಾಡತೊಡಗಿತ್ತು. ಬೇಗ ತೊಳೆದು, ಸಣ್ಣಗೆ ಹೆಚ್ಚಿ, ಚಪಾತಿ ಹಿಟ್ಟಿಗೆ ಕಲಸಿದೆ.